ಮೀನುಕೊಳಗಳಲ್ಲಿ ಉಪದ್ರವಕಾರಿ ಜೀವಿಗಳ ಗುರುತಿಸುವಿಕೆ ಹಾಗೂ ನಿಯಂತ್ರಣ

ಕಲಬುರಗಿ ನಗರದ ಸುತ್ತಮುತ್ತ ಹಾಗೂ ಕಮಲಾಪುರ ತಾಲ್ಲೂಕಿನಲ್ಲಿ ಕೃಷಿ ಹೊಂಡ ಮತ್ತು ಖಾಸಗಿ ಕೊಳಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಹಾಗೂ ಸಾಮಾನ್ಯ ಗೆಂಡೆ ಮರಿಗಳನ್ನು ಬಿತ್ತನೆ ಮಾಡಲು ಇಚ್ಛಿಸುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಿತ್ತಿದ ಮರಿಗಳು ಕೆಲವೇ ವಾರಗಳಲ್ಲಿ ಕಾಣೆಯಾದಾಗ ಮರಿಗಳ ಗುಣಮಟ್ಟವನ್ನು ದೂರುವುದು ವಾಡಿಕೆ. ಆದರೆ ಅವುಗಳನ್ನು ತಿಂದ ಜೀವಿಗಳು ಅನೇಕ ವೇಳೆ ಬಿತ್ತನೆಗೆ ಮುಂಚೆಯೇ ಕೊಳದಲ್ಲಿ ನೆಲೆಸಿರುತ್ತವೆ.

ಪರಭಕ್ಷಕ ಹಾಗೂ ಕಳೆ ಮೀನುಗಳು

ಹಾವಿನಂತಹ ತಲೆಯುಳ್ಳ ಕೊರವ, ಅಗಲ ಬಾಯಿಯ ಬಾಳೆ ಮೀನು ಮತ್ತು ಮೀಸೆಯುಳ್ಳ ಮಾಗೂರ್ ಮರಿಗಳನ್ನು ನೇರವಾಗಿ ನುಂಗುತ್ತವೆ. ಕೊರವ ಹಾಗೂ ಮಾಗೂರ್ ಗಾಳಿಯನ್ನೂ ಉಸಿರಾಡಬಲ್ಲವು. ಆದುದರಿಂದ ನೀರು ಖಾಲಿ ಮಾಡಿದರೂ ಹಸಿ ಕೆಸರಿನಲ್ಲಿ ಬದುಕುಳಿಯುತ್ತವೆ. ತಳವು ಬಿರುಕು ಬಿಡುವವರೆಗೆ ಒಣಗಿಸುವುದೇ ಖಚಿತ ಮಾರ್ಗ. ನಮ್ಮ ಕಪ್ಪು ಮಣ್ಣಿಗೆ ಏಪ್ರಿಲ್-ಮೇ ಬಿಸಿಲು ಸಾಕಾಗುತ್ತದೆ. ಆಫ್ರಿಕನ್ ಮಾಗೂರ್ ಸಾಕಣೆಯನ್ನು ನಿಷೇಧಿಸಲಾಗಿರುವುದರಿಂದ ಅದರ ಮರಿಗಳನ್ನು ಯಾರೇ ನೀಡಿದರೂ ಸ್ವೀಕರಿಸತಕ್ಕದ್ದಲ್ಲ.

1952ರಲ್ಲಿ ಭಾರತಕ್ಕೆ ತರಲಾದ ತಿಲಾಪಿಯ ಮರಿಗಳನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಅವುಗಳ ಆಹಾರವನ್ನು ಕಸಿಯುತ್ತದೆ. ತಳದಲ್ಲಿ ತಟ್ಟೆಯಾಕಾರದ ಗುಂಡಿಗಳು ಕಂಡುಬಂದಲ್ಲಿ ಇದು ಸಂತಾನೋತ್ಪತ್ತಿ ನಡೆಸುತ್ತಿದೆ ಎಂದು ತಿಳಿಯುವುದು. ಸೊಳ್ಳೆ ನಿಯಂತ್ರಣಕ್ಕೆ ಬಳಸುವ ಗ್ಯಾಂಬೂಸಿಯ ಮೀನನ್ನು ಬಿತ್ತನೆ ಕೊಳಕ್ಕೆ ಬಿಡಬಾರದು. ಅದು ಎಳೆಮರಿಗಳನ್ನೂ ತಿನ್ನುತ್ತದೆ.

ಒಣಗಿಸಲಾಗದ ಕೊಳಗಳಿಗೆ ಹಿಪ್ಪೆ ಹಿಂಡಿ ಸೂಕ್ತ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,500 ಕಿ.ಗ್ರಾಂ, ಅಂದರೆ 10 ಗುಂಟೆಗೆ ಸುಮಾರು 250 ಕಿ.ಗ್ರಾಂ ಬೇಕಾಗುತ್ತದೆ. ಮೊದಲೇ ನೀರಿನ ಮಟ್ಟವನ್ನು ಇಳಿಸಿಕೊಂಡಲ್ಲಿ ಖರ್ಚು ಅಷ್ಟರಮಟ್ಟಿಗೆ ಕಡಿಮೆಯಾಗುವುದು. ಹಿಂಡಿಯನ್ನು ರಾತ್ರಿ ನೆನೆಸಿ ಕೊಳದ ಎಲ್ಲೆಡೆ ಎರಚಿ, ಮೇಲೆ ಬಂದ ಮೀನುಗಳನ್ನು ಬಲೆಯಿಂದ ತೆಗೆಯಬೇಕು. ವಿಷಗುಣ ಇಳಿಯಲು ಸುಮಾರು ಮೂರು ವಾರ ಹಿಡಿಯುತ್ತದೆ. ತರುವಾಯ ಹಿಂಡಿಯು ಗೊಬ್ಬರವಾಗಿ ಪರಿಣಮಿಸುತ್ತದೆ. ಬಿತ್ತನೆಗೆ ಮುನ್ನ ಕೆಲವು ಮರಿಗಳನ್ನು ಸಣ್ಣ ಬಲೆಚೀಲದಲ್ಲಿ 24 ಗಂಟೆ ಇಟ್ಟು ಪರೀಕ್ಷಿಸುವುದು. ಈ ಅವಧಿಯಲ್ಲಿ ಜಾನುವಾರುಗಳಿಗೆ ಆ ನೀರನ್ನು ಕುಡಿಸಕೂಡದು. ಕೀಟನಾಶಕಗಳನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ತೊಗರಿಗೆ ಔಷಧಿ ಸಿಂಪಡಿಸಿದ ಪಂಪುಗಳನ್ನು ಕೊಳದಲ್ಲಿ ತೊಳೆಯುವುದೂ ಇದಕ್ಕೆ ಸಮಾನ.

ಮಳೆಗಾಲದಲ್ಲಿ ನಾಲೆಯ ನೀರಿನೊಡನೆ ಕಳೆ ಮೀನಿನ ಮೊಟ್ಟೆ, ಮರಿಗಳು ಪುನಃ ಬರುತ್ತವೆ. ಒಳಹರಿವಿಗೆ ಸಣ್ಣ ಕಣ್ಣಿನ ಜಾಲರಿ ಅಳವಡಿಸದಿದ್ದಲ್ಲಿ ಮೇಲಿನ ಶ್ರಮವೆಲ್ಲ ವ್ಯರ್ಥ.

ಕೀಟಗಳು ಮತ್ತು ಮೀನುಹೇನು

ಬೆನ್ನಿನ ಮೇಲೆ ಈಜುವ ಕೀಟ, ನೀರುಚೇಳು ಹಾಗೂ ನೀರುದುಂಬಿಗಳು ಎಳೆಮರಿಗಳಿಗೆ ಅಪಾಯಕಾರಿ. ಬಿತ್ತನೆಗೆ 12ರಿಂದ 24 ಗಂಟೆ ಮುಂಚೆ, ಗಾಳಿಯಿಲ್ಲದ ಸಮಯದಲ್ಲಿ, ಹೆಕ್ಟೇರಿಗೆ 56 ಕಿ.ಗ್ರಾಂ ಅಗ್ಗದ ಸಸ್ಯಜನ್ಯ ಎಣ್ಣೆ ಹಾಗೂ 18 ಕಿ.ಗ್ರಾಂ ಬಟ್ಟೆ ಸೋಪಿನ ಮಿಶ್ರಣವನ್ನು ನೀರಿನ ಮೇಲೆ ಹರಡಬೇಕು. ಉಸಿರಿಗಾಗಿ ಮೇಲೆ ಬರುವ ಕೀಟಗಳು ಇದರಿಂದ ಸಾಯುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ನೀರಿನೊಳಗೇ ಉಸಿರಾಡುವುದರಿಂದ ಅವುಗಳನ್ನು ಬಲೆ ಎಳೆದೇ ತೆಗೆಯಬೇಕು.

ಮೀನುಗಳು ದಡಕ್ಕೆ, ಕಲ್ಲಿಗೆ ಮೈಯುಜ್ಜುತ್ತಿದ್ದರೆ ಒಂದನ್ನು ಹಿಡಿದು ನೋಡುವುದು. ಚಪ್ಪಟೆಯಾದ, ಪಾರದರ್ಶಕ, ಚಲಿಸುವ ಚುಕ್ಕೆಗಳು ಮೀನುಹೇನುಗಳಾಗಿರುತ್ತವೆ. ಅವು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ, ಕೊಳದಲ್ಲಿ ಹಲಗೆ ಅಥವಾ ಬಿದಿರು ತಟ್ಟಿಗಳನ್ನು ಇಳಿಬಿಟ್ಟು, ವಾರಕ್ಕೊಮ್ಮೆ ಹೊರತೆಗೆದು ಬಿಸಿಲಿನಲ್ಲಿ ಒಣಗಿಸುವುದು. ಔಷಧೋಪಚಾರವನ್ನು ತಜ್ಞರ ಸಲಹೆಯಿಲ್ಲದೆ ಕೈಗೊಳ್ಳಬಾರದು.

ಪಾಚಿ ಮತ್ತು ಜಲಕಳೆ

ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟಿ, ಬೆಳಗಿನ ಜಾವ ಮೀನುಗಳು ಬಾಯ್ದೆರೆದು ಮೇಲೆ ಬರುತ್ತಿದ್ದರೆ ಆಮ್ಲಜನಕದ ಕೊರತೆಯೆಂದು ತಿಳಿದು, ಅಂದೇ ಗೊಬ್ಬರ ಮತ್ತು ಆಹಾರವನ್ನು ನಿಲ್ಲಿಸಿ ಹೊಸ ನೀರು ಹಾಯಿಸಬೇಕು. ಆ ಸ್ಥಿತಿಯಲ್ಲಿ ಮೈಲುತುತ್ತ ಹಾಕಿದರೆ ಸತ್ತ ಪಾಚಿ ಕೊಳೆತು, ಉಳಿದ ಆಮ್ಲಜನಕವೂ ಮುಗಿದು ಇಡೀ ಫಸಲು ನಾಶವಾಗಬಹುದು. ಹೈಡ್ರಿಲ್ಲಾ ಕಳೆಯನ್ನು ಹುಲ್ಲುಗೆಂಡೆ ತಿನ್ನುತ್ತದೆ; ನೀರು ಹಯಸಿಂತ್ ಗಿಡವನ್ನು ಮಾತ್ರ ಕೈಯಿಂದಲೇ ಕಿತ್ತು ದಡದಿಂದ ದೂರ ಹಾಕಬೇಕು.

ಸಾರ್ವಜನಿಕರ ಗಮನಕ್ಕೆ

ಮನೆಯ ಅಕ್ವೇರಿಯಂನಲ್ಲಿ ಬೇಡವಾದ ಸಕ್ಕರ್ ಮುಂತಾದ ಮೀನುಗಳನ್ನು ನಗರದ ಶರಣಬಸವೇಶ್ವರ ಕೆರೆಗಾಗಲಿ, ಇತರ ಜಲಮೂಲಗಳಿಗಾಗಲಿ ಬಿಡಬಾರದು. ಹಿಪ್ಪೆ ಹಿಂಡಿಯ ವಿಧಾನವು ಖಾಸಗಿ ಕೊಳಗಳಿಗೆ ಮಾತ್ರ ಅನ್ವಯಿಸುತ್ತದೆ.

ಮೀನುಮರಿಗಳಿಗಾಗಿ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅರ್ಜಿ ಸಲ್ಲಿಸುವವರು ಕೊಳದ ವಿಸ್ತೀರ್ಣ, ನೀರಿನ ಆಳ, ನೀರು ನಿಲ್ಲುವ ತಿಂಗಳುಗಳು ಹಾಗೂ ಕಂಡುಬಂದ ಅನ್ಯ ಮೀನುಗಳ ವಿವರವನ್ನು ಅರ್ಜಿಯೊಡನೆ ನಮೂದಿಸುವುದು ಒಳಿತು. ಗುರುತು ಸಿಗದ ಜೀವಿಯನ್ನು ಅದೇ ಕೊಳದ ನೀರಿರುವ ಬಾಟಲಿಯಲ್ಲಿ ತಂದು ತೋರಿಸಬಹುದು.