ಗಡಿ ದಾಟಿದ ಓದು: ಲಕ್ಕಲಕಟ್ಟಿ ಸೀಮೆಯಿಂದ ಕಾಲೇಜಿಗೆ

ಲಕ್ಕಲಕಟ್ಟಿ ಇಂದು ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನಲ್ಲಿದೆ. ಹಿಂದೆ ಇದು ಧಾರವಾಡ ಜಿಲ್ಲೆಯ ರೋಣ ತಾಲ್ಲೂಕು, ಅಂದರೆ ಮುಂಬಯಿ ಪ್ರಾಂತ. ಮೂಡಲಿಗೆ ಸ್ವಲ್ಪ ದೂರ ಹೋದರೆ ಕುಷ್ಟಗಿ, ಯಲಬುರ್ಗಾ. ಅವು ನಿಜಾಮನ ಹೈದರಾಬಾದ್ ಸಂಸ್ಥಾನ. ಎರಡೂ ಕಡೆ ಅದೇ ಎರೆಹೊಲ, ಅದೇ ಕನ್ನಡ. ಆದರೆ ಮಗ ಮೆಟ್ರಿಕ್ ಮುಗಿಸಿದ ಮೇಲೆ ಮುಂದೆಲ್ಲಿ ಎಂಬ ಪ್ರಶ್ನೆಗೆ ಗಡಿಯ ಆಚೆ ಒಂದು ಉತ್ತರವಿತ್ತು, ಈಚೆ ಇನ್ನೊಂದು.

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಮುಂದಿನ ಅರವತ್ತು ವರ್ಷ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಒಂದು ಕಾಲೇಜೂ ಇರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜು, 1885ರ ಫರ್ಗ್ಯುಸನ್ ಕಾಲೇಜು, ತುಸು ಹತ್ತಿರವೆಂದರೆ ಕೊಲ್ಲಾಪುರದ ರಾಜಾರಾಮ ಕಾಲೇಜು. ವೈದ್ಯಕೀಯಕ್ಕೆ ಮುಂಬಯಿಯ ಗ್ರಾಂಟ್ ಕಾಲೇಜು. ಕನ್ನಡದ ಹುಡುಗನನ್ನು ಹೊರಗಿಡುವ ನಿಯಮ ಇವುಗಳಲ್ಲಿ ಇರಲಿಲ್ಲ. ಅವನೂ ಅದೇ ಪ್ರಾಂತದ ಪ್ರಜೆ, ಬರೆದದ್ದೂ ಅದೇ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆ. ತಡೆದದ್ದು ದೂರ, ದುಡ್ಡು ಮತ್ತು ಸುತ್ತಲಿನ ಮರಾಠಿ. ಹೊಳೆಆಲೂರಿನ ಮೇಲೆ ಹಾದ ಗದಗ–ಹೊಟಗಿ ರೈಲು ದೂರವನ್ನು ಕೊಂಚ ಕಡಿಮೆ ಮಾಡಿತು. ಗಜೇಂದ್ರಗಡಕ್ಕೆ ಅದೂ ಬರಲಿಲ್ಲ. ಆಲೂರ ವೆಂಕಟರಾಯರು, ದ.ರಾ. ಬೇಂದ್ರೆ ಇಬ್ಬರೂ ಪುಣೆಯ ಫರ್ಗ್ಯುಸನ್ನಿನಲ್ಲಿ ಓದಿದವರು. ಕರ್ನಾಟಕದ ಏಕೀಕರಣವನ್ನು ಕನಸಿದ ತಲೆಮಾರಿನ ಎಷ್ಟೋ ಜನ ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಪದವಿ ಪಡೆದರು. ಅವರ ಕನಸಿಗೂ ಆ ವಾಸಕ್ಕೂ ನಂಟಿದ್ದಿರಲೇಬೇಕು.

ದುಡ್ಡಿನ ತೊಡಕನ್ನು ಸರ್ಕಾರಕ್ಕಿಂತ ಮೊದಲು ಸಮಾಜವೇ ಬಿಡಿಸಲು ಹೊರಟಿತು. ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿಯೊಂದನ್ನು ಕಟ್ಟಿದರು. ನವಲಗುಂದ–ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ಇಡೀ ಸಂಸ್ಥಾನದ ಆಸ್ತಿಯನ್ನು ಓದುವ ಮಕ್ಕಳಿಗೆ ಬರೆದಿಟ್ಟಿದ್ದರು. ಇಂಥ ನಿಧಿಗಳು ಹೆಚ್ಚಾಗಿ ಒಂದು ಸಮುದಾಯದ ಮಕ್ಕಳಿಗೇ ಮೀಸಲು. ಬ್ರಾಹ್ಮಣ ಹುಡುಗರಿಗೆ ಪರಊರಿನಲ್ಲಿ ವಾರಾನ್ನವಿತ್ತು. ಈ ಎರಡೂ ಆಸರೆ ಇಲ್ಲದ ಜಾತಿಗಳ ಹುಡುಗರಿಗೆ ಪುಣೆ ಬಹುಕಾಲ ದೂರವೇ ಉಳಿಯಿತು. ಹುಡುಗಿಯರ ಮಾತಂತೂ ಬೇರೆ.

ಅರಟಾಳ ರುದ್ರಗೌಡರು ಮತ್ತು ರೊದ್ದ ಶ್ರೀನಿವಾಸರಾಯರ ದುಡಿಮೆಯಿಂದ 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು. 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು. ಗಡಿಯಾಚೆ ಕುಷ್ಟಗಿಯವನಿಗೆ ತನ್ನದೆಂಬ ವಿಶ್ವವಿದ್ಯಾಲಯ 1918ರಿಂದಲೇ ಇತ್ತು, ಆದರೆ ಹೈದರಾಬಾದಿನ ಆ ಉಸ್ಮಾನಿಯಾದಲ್ಲಿ ಪಾಠ ಉರ್ದುವಿನಲ್ಲಿ. ಪರಪ್ರಾಂತವೆನಿಸಿದರೂ ಗದಗ, ಧಾರವಾಡಗಳೇ ಅವನಿಗೆ ಭಾಷೆಯಲ್ಲಿ ಹತ್ತಿರ. 1947–48ರಲ್ಲಿ ನಿಜಾಮನ ವಿರುದ್ಧ ಹೋರಾಡಿದವರ ಶಿಬಿರಗಳು ಗಜೇಂದ್ರಗಡ, ಮುಂಡರಗಿಗಳಲ್ಲಿ ನೆಲೆನಿಂತದ್ದಕ್ಕೂ ಇದೇ ಗಡಿ ಕಾರಣ: ಈಚೆ ದಾಟಿದವನನ್ನು ನಿಜಾಮನ ಪೊಲೀಸರು ಹಿಡಿಯುವಂತಿರಲಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದವು. ರೋಣ, ಕುಷ್ಟಗಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜೂ ಬಂತು. ಗಡಿ ಅಳಿಯಿತು ಎನ್ನುವ ಹೊತ್ತಿಗೆ ಪ್ರವೇಶದ ನಿಯಮಗಳು ಹೊಸ ಗಡಿ ಎಳೆದವು. ಮೈಸೂರು, ಬೆಂಗಳೂರು, ಕರ್ನಾಟಕ ಎಂಬ ಮೂರು ವಿಶ್ವವಿದ್ಯಾಲಯಗಳಲ್ಲಿ ಯಾವುದರ ಕೆಳಗೆ ಪಿ.ಯು.ಸಿ. ಮುಗಿಸಿದರೋ ಅದರ ವೈದ್ಯಕೀಯ ಕಾಲೇಜಿನಲ್ಲೇ ಸೀಟು. ಬೇರೆ ವಿಶ್ವವಿದ್ಯಾಲಯದವರಿಗೆ ಹೆಚ್ಚೆಂದರೆ ಶೇಕಡ 20, ಅದೂ ಆಯ್ಕೆ ಸಮಿತಿ ಮನಸ್ಸು ಮಾಡಿದರೆ. ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1971ರಲ್ಲಿ ನಿಯಮವನ್ನೇ ಎತ್ತಿಹಿಡಿಯಿತು. ಅಂದರೆ ಒಂದೇ ರಾಜ್ಯದೊಳಗೆ ರೋಣದವನು ಬೆಂಗಳೂರಿಗೆ ಹೊರಗಿನವ, ಬೆಂಗಳೂರಿನವನು ಹುಬ್ಬಳ್ಳಿಗೆ ಹೊರಗಿನವ. ಅನ್ಯಾಯವೆಂದು ಕಂಡರೂ ಇದು ಉತ್ತರ ಕರ್ನಾಟಕವನ್ನು ಕಾಪಾಡಿತು. ಶಾಲೆಗಳು ಬಲವಾಗಿದ್ದ ದಕ್ಷಿಣದೊಂದಿಗೆ ಬರಿಯ ಅಂಕದ ಪೈಪೋಟಿ ನಡೆದಿದ್ದರೆ ಹುಬ್ಬಳ್ಳಿಯ ಸೀಟುಗಳಲ್ಲಿ ಎಷ್ಟು ಈ ಕಡೆಯವರಿಗೆ ಉಳಿಯುತ್ತಿದ್ದವು ಎಂಬುದು ಕೇಳಬೇಕಾದ ಮಾತೇ.

ರಾಜ್ಯ ರಾಜ್ಯಗಳ ನಡುವಿನ ಗಡಿಯನ್ನು ಸಡಿಲಿಸಿದ್ದು 1984ರ ತೀರ್ಪು. ವಾಸಸ್ಥಳದ ಆಧಾರದ ಮೇಲೆ ಎಂ.ಬಿ.ಬಿ.ಎಸ್.ನ ಎಲ್ಲ ಸೀಟುಗಳನ್ನೂ ಮೀಸಲಿಡುವಂತಿಲ್ಲ ಎಂದ ಸುಪ್ರೀಂ ಕೋರ್ಟ್, 1986ರಲ್ಲಿ ಸರ್ಕಾರಿ ಕಾಲೇಜುಗಳ ಶೇಕಡ 15ರಷ್ಟನ್ನು ಅಖಿಲ ಭಾರತ ಪಾಲಿಗೆ ಬಿಡಿಸಿತು. ಖಾಸಗಿ ಕಾಲೇಜುಗಳ ಕಥೆ ಬೇರೆ. ಅಲ್ಲಿ ಹೊರರಾಜ್ಯದವರಿಗೆ ಬಾಗಿಲು ತೆರೆದೇ ಇತ್ತು, ಬೆಲೆ ತೆತ್ತರೆ. 1989ರ ಅಧಿಸೂಚನೆಯಂತೆ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಉಳಿದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಮೀರತ್‌ನ ವಿದ್ಯಾರ್ಥಿನಿಯೊಬ್ಬರು ತುಮಕೂರಿನ ಕಾಲೇಜಿನ ಈ ಶುಲ್ಕದ ವಿರುದ್ಧ ಹೋರಾಡಿ 1992ರಲ್ಲಿ ಗೆದ್ದರು. ಮರುವರ್ಷವೇ ಇನ್ನೊಂದು ತೀರ್ಪು ಅದನ್ನು ತಿದ್ದಿತು. 1994ರಲ್ಲಿ ಸಿ.ಇ.ಟಿ. ಬಂತು. ಅದಕ್ಕೆ ಅರ್ಹರಾಗಲು ಮುಖ್ಯ ದಾರಿ ಕರ್ನಾಟಕದಲ್ಲಿ ಏಳು ವರ್ಷ ಓದಿರುವುದು. ಜತ್ತ, ಅಕ್ಕಲಕೋಟೆ, ಕಾಸರಗೋಡುಗಳ ಗಡಿನಾಡ ಕನ್ನಡಿಗರಿಗೆ ಬೇರೊಂದು ಕಲಮು ಇದೆ. ಅವರು ಕನ್ನಡದ ಪರೀಕ್ಷೆ ಕೊಟ್ಟು ಒಳಗೆ ಬರಬಹುದು.

ಇಷ್ಟಾದ ಮೇಲೆ ನಿಜಾಮನ ಹಳೆಯ ಗಡಿಯೇ ಮತ್ತೆ ಕಾನೂನಿನೊಳಗೆ ಬಂತು. ಸಂವಿಧಾನದ 371(ಜೆ) ವಿಧಿಯ ಪ್ರಕಾರ 2013ರಿಂದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲಿ ಶೇಕಡ 70ರಷ್ಟು ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ಶೇಕಡ 8 ಅವರಿಗೇ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಕೂಡ ಈ ಪಟ್ಟಿಗೆ ಸೇರಿತು, ರೋಣ ಸೇರಲಿಲ್ಲ. ಗದಗ, ಕೊಪ್ಪಳ ಎರಡಕ್ಕೂ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದವು. ಕುಷ್ಟಗಿಯ ಹುಡುಗಿಗೆ ಕೊಪ್ಪಳದಲ್ಲಿ ದೊಡ್ಡ ಪಾಲಿದೆ, ಗದಗದಲ್ಲಿ ಚಿಕ್ಕ ಪಾಲು. ಲಕ್ಕಲಕಟ್ಟಿಯವಳಿಗೆ ಪ್ರದೇಶದ ಹೆಸರಿನಲ್ಲಿ ಎರಡು ಕಡೆಯೂ ಏನಿಲ್ಲ. ಮಳೆ ಕೈಕೊಡುವುದರಲ್ಲಿ ಈ ಎರಡು ಊರುಗಳ ನಡುವೆ ಅಂಥ ವ್ಯತ್ಯಾಸವೇನಿಲ್ಲ.

ಈಚಿನ ತೀರ್ಪುಗಳು ವಾಸಸ್ಥಳದ ಮೀಸಲಾತಿಗೆ ಅಷ್ಟು ಅನುಕೂಲವಾಗಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದವರಿಗೆ ಶೇಕಡ 25 ಸೀಟು ಇಡುವ ತಿದ್ದುಪಡಿಯನ್ನು ರಾಜ್ಯದ ಹೈಕೋರ್ಟ್ 2020ರಲ್ಲಿ ರದ್ದುಮಾಡಿತು. ವೈದ್ಯಕೀಯ ಸ್ನಾತಕೋತ್ತರ ಸೀಟುಗಳಿಗೆ ವಾಸಸ್ಥಳದ ಮೀಸಲಾತಿ ಸಲ್ಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಎಂ.ಬಿ.ಬಿ.ಎಸ್.ಗೆ ಆ ತೀರ್ಪು ತಟ್ಟಲಿಲ್ಲ. ಅಲ್ಲಿ ಸರ್ಕಾರಿ ಸೀಟುಗಳ ಶೇಕಡ 15 ದೇಶಕ್ಕೆ, ಉಳಿದದ್ದು ರಾಜ್ಯಕ್ಕೆ ಎಂಬ ಲೆಕ್ಕವೇ ನಡೆದಿದೆ.