ಕರ್ನಲ್ ಬದಲಾದ ಮೇಲೆ ಕಾಣೆಯಾಗುವ ವೈಫೈ: ಕೋಲಾರ ಸೀಮೆಯ ಹಳೆಯ ಲ್ಯಾಪ್‌ಟಾಪ್‌ಗಳ ಕುರಿತು ಒಂದು ಟಿಪ್ಪಣಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಿಕ್ಷಕರ ಬಳಿ ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟು ಕಂಡರೆ ಅಚ್ಚರಿಪಡಬೇಕಿಲ್ಲ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಕಲಿಸಿದ್ದೇ ಅದನ್ನು. ಈ ಯಂತ್ರಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು ಒಂದೇ: "ಅಪ್‌ಡೇಟ್ ಮಾಡಿದೆ, ವೈಫೈ ಹೋಯಿತು." ಕಾರ್ಡೇ ಸುಟ್ಟಿದೆ ಎಂದು ಕೆಲವರು ಕೈಬಿಡುತ್ತಾರೆ, ಉಳಿದವರು ಎಲ್ಲವನ್ನೂ ಅಳಿಸಿ ಉಬುಂಟುವನ್ನು ಹೊಸದಾಗಿ ಹಾಕುತ್ತಾರೆ. ಎರಡೂ ಅವಸರದ ತೀರ್ಮಾನ. ದೋಷದ ಬೇರು ಬಹುಪಾಲು ಡ್ರೈವರನ್ನು ಮೊದಲ ಸಲ ಹಾಕಿದ ರೀತಿಯಲ್ಲೇ ಇರುತ್ತದೆ ಎಂಬುದು ನನ್ನ ವಾದ.

ಬ್ರಾಡ್‌ಕಾಮ್‌ನ ಬಿಸಿಎಂ43142 ಚಿಪ್ಪನ್ನು ನೋಡೋಣ. ಎಲ್‌ಎಸ್‌ಪಿಸಿಐ ಆದೇಶವನ್ನು '-ಎನ್‌ಎನ್' ಆಯ್ಕೆಯೊಡನೆ ಕೊಟ್ಟರೆ ಅದರ ಗುರುತು 14ಇ4:4365 ಎಂದು ಬರುತ್ತದೆ. ಗುರುತು ಬಂತೆಂದರೆ ಕಾರ್ಡ್ ಸತ್ತಿಲ್ಲ. ಉಬುಂಟುವಿನ ತಿರುಳಾದ ಕರ್ನಲ್ ಜೊತೆಗೇ ಬರುವ ಬಿ43 ಡ್ರೈವರ್ ಈ ಚಿಪ್ಪನ್ನು ನಡೆಸಲಾರದು. ಇದಕ್ಕೆ ಕಂಪನಿಯದೇ ಡಬ್ಲ್ಯೂಎಲ್ ಮಾಡ್ಯೂಲ್ ಬೇಕು. ಕಂಪನಿ ಅದರ ಕೊನೆಯ ಆವೃತ್ತಿ 6.30.223.271 ಅನ್ನು ಹೊರತಂದದ್ದು 2015ರಲ್ಲಿ. ಕರ್ನಲ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ಒಂದು ಕರ್ನಲ್‌ಗೆಂದು ಕಂಪೈಲ್ ಮಾಡಿದ ಮಾಡ್ಯೂಲ್ ಇನ್ನೊಂದರಲ್ಲಿ ಕೂರುವುದಿಲ್ಲ. ಮರುಕಂಪೈಲ್ ಮಾಡಿದರೂ ಕೆಲವೊಮ್ಮೆ ಸಾಲದು, ಏಕೆಂದರೆ ಕರ್ನಲ್ಲಿನ ಒಳಗಿನ ಫಂಕ್ಷನ್‌ಗಳೇ ಬದಲಾಗುತ್ತಿರುತ್ತವೆ. ಉಬುಂಟು 20.04 ಬಂದಾಗ ಅದರಲ್ಲಿದ್ದದ್ದು 5.4 ಕರ್ನಲ್, 2021ರ ಆರಂಭದಲ್ಲಿ ಅದು 5.8ಕ್ಕೆ ಏರಿತು. ನಡುವಿನ 5.6ರಲ್ಲಿ 'ಐಓರೀಮ್ಯಾಪ್_ನೋಕ್ಯಾಶ್' ಎಂಬ ಫಂಕ್ಷನ್ನನ್ನು ಕಿತ್ತುಹಾಕಲಾಗಿತ್ತು. ಹಳೆಯ ಡಬ್ಲ್ಯೂಎಲ್ ಕೋಡ್ ಕರೆಯುತ್ತಿದ್ದದ್ದು ಅದನ್ನೇ. ಹೀಗಾಗಿ ಕಂಪೈಲ್ ಅಲ್ಲೇ ಮುಗ್ಗರಿಸುತ್ತದೆ. ಹೊಸ ಕರ್ನಲ್‌ಗೆ ಮಾಡ್ಯೂಲನ್ನು ಮರುಕಂಪೈಲ್ ಮಾಡುವ ಡಿಕೆಎಂಎಸ್ ಎಂಬ ಸಾಧನ ಬರೆದಿಡುವ ಮೇಕ್ ಲಾಗ್ ತೆರೆದರೆ ಈ ಹೆಸರು ಕಣ್ಣಿಗೆ ಬೀಳುತ್ತದೆ. ಆ ಕಡತವನ್ನು ಓದುವವರು ತೀರ ಕಡಿಮೆ. ಉತ್ತರ ಇರುವುದು ಮಾತ್ರ ಅಲ್ಲೇ.

ಉಬುಂಟುವಿನ ಪ್ಯಾಕೇಜ್ ಮೂಲಕ ಡ್ರೈವರ್ ಹಾಕಿದ್ದರೆ ತಿದ್ದುಪಡಿ ತಾನಾಗಿ ಬರುತ್ತದೆ, ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಮಾಡ್ಯೂಲನ್ನು ಮತ್ತೆ ಕಟ್ಟುತ್ತದೆ. ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಫೋಲ್ಡರಿನಿಂದ ಕೈಯಾರೆ ಕಂಪೈಲ್ ಮಾಡಿದ ಡ್ರೈವರಿಗೆ ಈ ಆಸರೆ ಇಲ್ಲ. ನೆಟ್ ಇಲ್ಲದ ಹಳ್ಳಿಯ ಮನೆಯಲ್ಲಿ ಮೊದಲ ದಿನ ಅದೊಂದೇ ದಾರಿಯಾಗಿ ಕಂಡಿದ್ದರೆ ಯಾರನ್ನೂ ದೂರುವಂತಿಲ್ಲ. ಆದರೆ ಆ ವೈಫೈ ಮುಂದಿನ ಕರ್ನಲ್ ಬರುವವರೆಗೆ ಮಾತ್ರ.

ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಿಂದ. ಅಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಬೇಕು. ವೈಫೈ ಬಂದರೆ ಕಾರ್ಡ್, ಆಂಟೆನಾ, ಪಾಸ್‌ವರ್ಡ್ ಎಲ್ಲವೂ ಒಂದೇ ಏಟಿಗೆ ಸಂಶಯದಿಂದ ಪಾರಾಗುತ್ತವೆ. ತೊಂದರೆ ಬಗೆಹರಿಯುವ ತನಕ ಆಟೋರಿಮೂವ್ ಓಡಿಸಬಾರದು. ಅದು ಹಳೆಯ ಕರ್ನಲ್ಲನ್ನು ಅಳಿಸಿದರೆ ಈ ಸಾಕ್ಷಿಯೂ ಹೋಗುತ್ತದೆ. ಹೊಸ ಕರ್ನಲ್‌ಗೆ ಮರಳಿ, ಅದರ ಹೆಡರ್‌ಗಳು ಇವೆಯೇ ಎಂದು ನೋಡಬೇಕು. ಹೆಡರ್ ಇಲ್ಲದೆ ಡಿಕೆಎಂಎಸ್ ಏನನ್ನೂ ಕಟ್ಟಲಾರದು. ಕಟ್ಟಿದ ಮಾಡ್ಯೂಲನ್ನು ಲೋಡ್ ಮಾಡುವಾಗ 'ಕೀ' ತಿರಸ್ಕೃತವಾಯಿತೆಂಬ ಸಂದೇಶ ಬಂದರೆ ಅದು ಸೆಕ್ಯೂರ್ ಬೂಟ್‌ನ ತಕರಾರು: ರೀಬೂಟ್ ಆಗುವಾಗ ಬರುವ ನೀಲಿ ಪರದೆಯಲ್ಲಿ ಕೀಯನ್ನು ನೋಂದಾಯಿಸದೆ ಮುಂದೆ ಹೋಗಿರುತ್ತಾರೆ.

ಇದಕ್ಕೆಲ್ಲ ನೆಟ್ ಬೇಕಲ್ಲ ಎಂಬ ಪ್ರಶ್ನೆಗೆ ಆಂಡ್ರಾಯ್ಡ್ ಮೊಬೈಲೇ ಉತ್ತರ. ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಆನ್ ಮಾಡಿದರೆ ಉಬುಂಟು ಅದನ್ನು ತಂತಿಯ ಸಂಪರ್ಕವೆಂದೇ ಕಾಣುತ್ತದೆ; ವೈಫೈ ಡ್ರೈವರಿನ ಹಂಗಿಲ್ಲ. ಕೈಯಾರೆ ಹಾಕಿದ್ದನ್ನು ತೆಗೆದು ಪ್ಯಾಕೇಜನ್ನೇ ಹಾಕಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಪ್ರತಿ ಕರ್ನಲ್‌ಗೂ ಈ ಪಾಡು ಬೇಡವೆನ್ನುವವರು ಅಥೆರಾಸ್ ಕಾರ್ಡಿಗೆ ಬದಲಾಯಿಸಿಕೊಳ್ಳಬಹುದು. ಅದನ್ನು ನಡೆಸುವ ಎಟಿಎಚ್9ಕೆ ಡ್ರೈವರ್ ಕರ್ನಲ್ ಒಳಗೇ ಇದೆ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ. ಕೊಳ್ಳುವ ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು.