ಚ್ಯಾವ್: ‘ಮಗು’ ಅನ್ನೋ ಪದ ಬೈಗುಳ ಆದ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಬ್ರಿಟಿಷ್ ಬೈಗುಳದ ಹಿಂದೆ ಹೋಗೋಣ. ಪದ ಚಿಕ್ಕದು: ಚ್ಯಾವ್. ಬ್ರಿಟಿಷ್ ಸೀರೀಸ್ ನೋಡೋರು ಇದನ್ನ ಕೇಳಿರಬಹುದು. ಟ್ರ್ಯಾಕ್‌ಸೂಟ್, ದಪ್ಪ ಚಿನ್ನದ ಸರ, ಬ್ರ್ಯಾಂಡೆಡ್ ಟೋಪಿ ಹಾಕ್ಕೊಂಡು ಬೀದಿಯಲ್ಲಿ ಜೋರಾಗಿ ಮಾತಾಡೋ ಬಡವರ ಮನೆಯ ಹುಡುಗ ಹುಡುಗಿಯರನ್ನ ಕಂಡು ಮೂಗು ಮುರಿಯೋವಾಗ ಬಳಸೋ ಪದ ಇದು. ನಮ್ಮಲ್ಲಿ ‘ಸಖತ್ ಲೋಕಲ್ ಕಣೋ’ ಅಂತಾರಲ್ಲ, ಅದಕ್ಕಿಂತ ಖಾರ ಜಾಸ್ತಿ.

ಇದಕ್ಕೊಂದು ಫುಲ್ ಫಾರ್ಮ್ ಕೂಡ ಓಡಾಡುತ್ತೆ: ‘ಕೌನ್ಸಿಲ್ ಹೌಸ್ಡ್ ಆಂಡ್ ವಯಲೆಂಟ್’. ಅಂದ್ರೆ, ಸ್ಥಳೀಯ ಸಂಸ್ಥೆಯವರು ಬಾಡಿಗೆಗೆ ಕೊಡೋ ಕೌನ್ಸಿಲ್ ಮನೆಯಲ್ಲಿರೋ, ಹೊಡೆದಾಟದ ಜನ ಅಂತ. ಇದು ಶುದ್ಧ ಕಟ್ಟುಕಥೆ. ‘ನ್ಯೂಸ್’ ಅಂದ್ರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಂತ ಹೇಳ್ತಾರಲ್ಲ, ಹಾಗೇ ಆಮೇಲೆ ಹುಟ್ಟಿಸಿದ್ದು.

ಹಾಗಾದ್ರೆ ನಿಜವಾದ ಮೂಲ ಯಾವುದು? ರೋಮಾನಿ ಭಾಷೆ. ಅದರಲ್ಲಿ ‘ಛಾವೊ’ ಅಂದ್ರೆ ಹುಡುಗ, ಮಗ. ರೋಮಾನಿ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೋದವರು. ಅವರ ಭಾಷೆಯಲ್ಲಿ ನೀರಿಗೆ ಇವತ್ತಿಗೂ ‘ಪಾನಿ’, ಮೂಗಿಗೆ ‘ನಾಕ್’. ಈ ‘ಛಾವೊ’ ಕೂಡ ಪ್ರಾಣಿಗಳ ಮರಿ ಅನ್ನೋ ಅರ್ಥದ ಪಾಳಿಯ ‘ಛಾಪ’, ಸಂಸ್ಕೃತದ ‘ಶಾವ’ಗಳ ಬಳಗಕ್ಕೆ ಸೇರಿದ್ದು. ನಾವು ಮಕ್ಕಳನ್ನ ‘ಬಾ ಮರಿ’ ಅಂತ ಕರೀತೀವಲ್ಲ, ಅಂಥದ್ದೇ ಒಂದು ಪದ.

ರೋಮಾನಿ ಜನ 16ನೇ ಶತಮಾನದ ಆರಂಭದ ಹೊತ್ತಿಗೆ ಬ್ರಿಟನ್ ತಲುಪಿದ್ದರು. ಅಲ್ಲಿನವರು ಇವರು ಈಜಿಪ್ಟಿನವರು ಅಂದ್ಕೊಂಡರು. ‘ಜಿಪ್ಸಿ’ ಅನ್ನೋ ಹೆಸರು ಬಂದಿದ್ದೇ ಹಾಗೆ. 1530ರಲ್ಲಿ ಇಂಗ್ಲೆಂಡ್ ‘ಈಜಿಪ್ಶಿಯನ್ಸ್ ಆಕ್ಟ್’ ಮಾಡಿ, ದೇಶ ಬಿಟ್ಟು ಹೋಗಿ ಅಂತು. 1554ರ ಕಾನೂನು, ಹೋಗದಿದ್ದರೆ ಮರಣದಂಡನೆ ಅಂತು. ಜನರನ್ನ ಓಡಿಸೋಕೆ ನೋಡಿದರು, ಅವರ ಪದಗಳು ಮಾತ್ರ ಇಂಗ್ಲಿಷ್ ಒಳಗೆ ಸೇರ್ಕೊಂಡವು. ಗೆಳೆಯ ಅನ್ನೋ ಅರ್ಥದ ‘ಪ್ಯಾಲ್’ ಕೂಡ ರೋಮಾನಿಯದ್ದೇ, ಅಲ್ಲಿ ಅದರರ್ಥ ಸಹೋದರ. 19ನೇ ಶತಮಾನದ ಇಂಗ್ಲಿಷ್ ಆಡುಮಾತಿನಲ್ಲಿ ‘ಚ್ಯಾವಿ’ ಅಂದ್ರೆ ಮಗು, ಅಷ್ಟೇ. ಬೈಗುಳ ಅಲ್ಲ.

ವಿಷ ಸೇರಿದ್ದು ತೀರಾ ಇತ್ತೀಚೆಗೆ, 1990ರ ದಶಕದ ಕೊನೆಯಿಂದ. 2004ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಇದನ್ನ ವರ್ಷದ ಪದ ಅಂತ ಆರಿಸಿತು. ಅದೇ ಹೊತ್ತಿಗೆ ಬಿಬಿಸಿಯ ‘ಲಿಟಲ್ ಬ್ರಿಟನ್’ ಕಾಮಿಡಿಯಲ್ಲಿ ವಿಕಿ ಪೊಲಾರ್ಡ್ ಅನ್ನೋ ಟ್ರ್ಯಾಕ್‌ಸೂಟ್ ಹುಡುಗಿಯ ಪಾತ್ರ ನೋಡಿ ಇಡೀ ದೇಶ ನಗ್ತಿತ್ತು. ‘ಚ್ಯಾವ್’ಗಳು ಹಾಕ್ತಾರೆ ಅಂತ ಹೆಸರು ಕೆಡುತ್ತಿದ್ದ ತನ್ನ ಚೌಕಳಿ ಟೋಪಿಯನ್ನ ಬರ್ಬೆರಿ ಕಂಪನಿ ಮಾರೋದನ್ನೇ ನಿಲ್ಲಿಸಿತು.

ಆಗಲೇ ಯಾಕೆ? 1970ರ ದಶಕದ ಕೊನೆಗೆ ಬ್ರಿಟನ್ನಿನ ಸುಮಾರು ಮೂರರಲ್ಲಿ ಒಂದು ಕುಟುಂಬ ಕೌನ್ಸಿಲ್ ಮನೆಯಲ್ಲಿತ್ತು. ಅದರಲ್ಲಿ ಅವಮಾನ ಏನೂ ಇರಲಿಲ್ಲ. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಆ ಮನೆಗಳನ್ನ ಕೊಳ್ಳೋ ಹಕ್ಕು ಕೊಟ್ಟಿತು. ಕೈಲಾದವರು ಕೊಂಡರು. ಗಣಿ, ಕಾರ್ಖಾನೆಗಳು ಮುಚ್ಚಿದವು. ಕೆಲಸವೂ ಇಲ್ಲದೆ, ಕೊಳ್ಳೋಕೆ ದುಡ್ಡೂ ಇಲ್ಲದೆ ಉಳಿದವರ ವಿಳಾಸವೇ ಬೈಗುಳ ಆಯ್ತು. ಓವನ್ ಜೋನ್ಸ್ 2011ರಲ್ಲಿ ‘ಚ್ಯಾವ್ಸ್’ ಅನ್ನೋ ಪುಸ್ತಕವನ್ನೇ ಬರೆದು ವಾದಿಸಿದ್ದು ಇದನ್ನ: ಬಡತನಕ್ಕೆ ಕಾರಣ ಹುಡುಕೋ ಬದಲು ಬಡವರ ಗುಣವನ್ನೇ ದೂರೋದು ಸುಲಭ ಆಯ್ತು ಅಂತ.

ನನಗೆ ಈ ಕಥೆಯಲ್ಲಿ ಚುಚ್ಚೋದು ಆ ಸುಳ್ಳು ಫುಲ್ ಫಾರ್ಮೇ. ಅದು ಪದದ ಮೂಲ ಹೇಳಲ್ಲ, ಬಯ್ಯೋರ ಮನಸ್ಸು ಹೇಳುತ್ತೆ. ‘ಮಗು’ ಅಂತಿದ್ದ ಜಾಗದಲ್ಲಿ ಅವರು ಕಂಡಿದ್ದು ಬಾಡಿಗೆ ಮನೆ ಮತ್ತು ಹೊಡೆದಾಟ. ಹಾಗಾಗಿ ಯಾವುದಾದರೂ ಬೈಗುಳದ ಫುಲ್ ಫಾರ್ಮ್ ನಿಮ್ಮ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದನ್ನ ಕಟ್ಟಿದವರು ಯಾರನ್ನ ನೋಡಿ ನಗ್ತಿದ್ದಾರೆ?

ಮತ್ತೆ ಸಿಗೋಣ.